ಟೆಕ್ಸಸ್‌ನ ಐದು ಸ್ಟೇಟ್ ಪಾರ್ಕ್‌ಗಳು: ನಿಮ್ಮ ಮನೆಯವರಿಗೆ ಯಾವುದು ಸರಿ?

ಅಕ್ಟೋಬರ್ ಹತ್ತಿರವಾದಂತೆ ಟೆಕ್ಸಸ್‌ನ ಕನ್ನಡದ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಬಿಸಿಲು ಇಳಿಯುತ್ತಿದೆ, ಊರಿನಿಂದ ಬಂದ ಅಪ್ಪ ಅಮ್ಮನಿಗೆ ಮನೆಯೊಳಗೇ ಕೂತು ಬೇಸರ ಬಂದಿದೆ, ಮಕ್ಕಳು ಟೆಂಟಿನಲ್ಲಿ ಮಲಗಬೇಕೆಂದು ಹಟ ಹಿಡಿದಿದ್ದಾರೆ. ಯಾವುದಾದರೂ ಸ್ಟೇಟ್ ಪಾರ್ಕಿಗೆ ಹೋಗೋಣ ಎಂಬಲ್ಲಿಗೆ ಎಲ್ಲರೂ ಒಪ್ಪುತ್ತಾರೆ. ಯಾವುದಕ್ಕೆ ಎಂದಾಗ ಮಾತು ಕವಲೊಡೆಯುತ್ತದೆ. ಒಬ್ಬರಿಗೆ ಕ್ಯಾಡೋ ಲೇಕ್, ಇನ್ನೊಬ್ಬರಿಗೆ ಎನ್‌ಚಾಂಟೆಡ್ ರಾಕ್, ಮತ್ತೊಬ್ಬರಿಗೆ ಪಾಲೋ ಡ್ಯೂರೊ. ಹೆಚ್ಚಿನವರು ಕೊನೆಗೆ ಯಾವುದೋ ಒಂದು ಚಂದದ ಫೋಟೋ ನೋಡಿ ತೀರ್ಮಾನಿಸುತ್ತಾರೆ.

ಫೋಟೋ ನೋಡಿ ಆರಿಸಬೇಡಿ ಎನ್ನುವುದೇ ಈ ಬರಹದ ಮುಖ್ಯ ಮಾತು. ಮೊದಲು ತಿಂಗಳು ನೋಡಿ. ಆಮೇಲೆ ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು ಎಂದು ನೋಡಿ. ಈ ಎರಡು ಗಟ್ಟಿಯಾದರೆ ಉಳಿದದ್ದು ತಾನಾಗಿ ತೀರ್ಮಾನವಾಗುತ್ತದೆ.

ಟೆಕ್ಸಸ್ ತನ್ನ ಸ್ಟೇಟ್ ಪಾರ್ಕ್‌ಗಳಿಗಾಗಿ ಮಂಡಳಿ ರಚಿಸಿದ್ದು 1923ರಲ್ಲಿ. ಇಂದು ಎಂಬತ್ತಕ್ಕೂ ಹೆಚ್ಚು ಪಾರ್ಕ್‌ಗಳಿವೆ. ಅವುಗಳಲ್ಲಿ ಐದನ್ನು ಇಲ್ಲಿ ತೂಗಿ ನೋಡಿದ್ದೇನೆ: ಕ್ಯಾಡೋ ಲೇಕ್, ಇಂಕ್ಸ್ ಲೇಕ್, ಎನ್‌ಚಾಂಟೆಡ್ ರಾಕ್, ಪಾಲೋ ಡ್ಯೂರೊ ಕ್ಯಾನ್ಯನ್, ಗೋಲಿಯಾಡ್. ಕ್ಯಾಂಪಿಂಗ್, ಕಯಾಕ್ ಎಂಬ ಕಿರುದೋಣಿಯಲ್ಲಿ ಹುಟ್ಟು ಹಾಕುವ ಕಯಾಕಿಂಗ್, ಕಾಲುದಾರಿ, ಸ್ಥಳೀಯ ಚರಿತ್ರೆ ನಾಲ್ಕನ್ನೂ ಸಮವಾಗಿ ಕೊಡುವ ಪಾರ್ಕ್ ಇವುಗಳಲ್ಲಿ ಒಂದೂ ಇಲ್ಲ. ಒಂದು ಸಿಕ್ಕರೆ ಇನ್ನೊಂದನ್ನು ಬಿಡಬೇಕು. ಯಾವುದನ್ನು ಬಿಟ್ಟರೆ ನಿಮಗೆ ಬೇಸರವಾಗುವುದಿಲ್ಲ ಎಂದು ತಿಳಿದುಕೊಂಡರೆ ಆಯ್ಕೆ ಸುಲಭ.

ಅಳತೆಗೋಲುಗಳು

ಎಲ್ಲಕ್ಕಿಂತ ಮೊದಲು ಋತು. ಜೂನ್‌ನಿಂದ ಸೆಪ್ಟೆಂಬರ್ ನಡುವಿನವರೆಗೆ ಟೆಕ್ಸಸ್‌ನ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಆ ತಿಂಗಳುಗಳಲ್ಲಿ ನೀರಿಗಿಳಿಯಲು ಅವಕಾಶವಿಲ್ಲದ, ಮರದ ನೆರಳಿಲ್ಲದ ಪಾರ್ಕ್‌ಗೆ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವುದನ್ನು ನಾನು ಒಪ್ಪುವುದಿಲ್ಲ. ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ, ಮತ್ತೆ ಮಾರ್ಚ್, ಏಪ್ರಿಲ್ ಒಳ್ಳೆಯ ಕಾಲ. ಮಾರ್ಚ್ ನಡುವೆ ಶಾಲೆಗಳಿಗೆ ವಸಂತದ ರಜೆ ಬರುವುದರಿಂದ ಆ ವಾರ ಮಾತ್ರ ಎಲ್ಲೆಲ್ಲೂ ಜನಸಂದಣಿ.

ಎರಡನೆಯದು ಮಲಗುವ ಜಾಗ. ಇಲ್ಲಿ ಟೆಂಟ್ ಒಂದೇ ದಾರಿಯಲ್ಲ. ಹಲವು ಪಾರ್ಕ್‌ಗಳಲ್ಲಿ ಹಾಸಿಗೆ, ಹವಾನಿಯಂತ್ರಣ ಇರುವ ಸಣ್ಣ ಕ್ಯಾಬಿನ್‌ಗಳಿವೆ. ಆದರೆ ಅನೇಕ ಕಡೆ ಹೊದಿಕೆ, ದಿಂಬು ನಾವೇ ಒಯ್ಯಬೇಕು. ಇವೆರಡರ ನಡುವಿನದು ಜಾಲರಿಗೋಡೆಯ ಕೊಠಡಿ: ಮೇಲೆ ಸೂರು, ಕೆಳಗೆ ಗಟ್ಟಿ ನೆಲ, ಸುತ್ತ ಸೊಳ್ಳೆ ಬಾರದಂತೆ ಜಾಲರಿ, ಒಳಗೆ ಮಂಚವಿಲ್ಲ. ನೆಲದಿಂದ ಏಳಲು ಮಂಡಿನೋವಿರುವ ಅಮ್ಮನಿಗೆ ಮಡಚುವ ಮಂಚವೊಂದನ್ನು ಕಾರಿನಲ್ಲಿ ಹಾಕಿಕೊಂಡರೆ ಈ ಕೊಠಡಿ ಟೆಂಟಿಗಿಂತ ಎಷ್ಟೋ ವಾಸಿ.

ಮೂರನೆಯದು ನೀರು. ಅಲೆಯಿಲ್ಲದ ನಿಂತ ನೀರೋ, ಹರಿಯುವ ಹೊಳೆಯೋ, ಅಥವಾ ಬರಿಯ ಬಂಡೆಯೋ? ಕಯಾಕ್ ಬಾಡಿಗೆಗೆ ಅಲ್ಲೇ ಸಿಗುತ್ತದೆಯೋ, ನಾವೇ ಒಯ್ಯಬೇಕೋ? ನಾಲ್ಕನೆಯದು ಕಾಲುದಾರಿಯ ಏರು ಮತ್ತು ನೆರಳು. ದಾರಿಯ ಉದ್ದಕ್ಕಿಂತ ನೆರಳು ಮುಖ್ಯ ಎನ್ನುವುದು ನನ್ನ ಅಭಿಪ್ರಾಯ. ಐದನೆಯದು ಚರಿತ್ರೆ. ಅದು ಕಲ್ಲು ಕಟ್ಟಡಗಳಲ್ಲಿ ಕಣ್ಣಿಗೆ ಕಾಣುತ್ತದೆಯೋ, ಓದಿಕೊಂಡು ಹೋದರೆ ಮಾತ್ರ ತೆರೆದುಕೊಳ್ಳುತ್ತದೆಯೋ ಎಂದು ನೋಡಬೇಕು. ಕೊನೆಯದಾಗಿ ದೂರ ಮತ್ತು ಹಣ.

ಹಣದ ಲೆಕ್ಕವನ್ನು ಈಗಲೇ ಮುಗಿಸಿಬಿಡುತ್ತೇನೆ, ಏಕೆಂದರೆ ಐದೂ ಪಾರ್ಕ್‌ಗಳಿಗೆ ಅದು ಹೆಚ್ಚೂಕಡಿಮೆ ಒಂದೇ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ದೊಡ್ಡವರಿಗೆ ಪಾರ್ಕ್‌ಗೆ ತಕ್ಕಂತೆ ತಲೆಗೆ ಸುಮಾರು 3ರಿಂದ 8 ಡಾಲರ್. ಕ್ಯಾಂಪ್ ಜಾಗದ ಬಾಡಿಗೆ ಕೊಟ್ಟರೂ ಈ ಪ್ರವೇಶ ಶುಲ್ಕವನ್ನು ಪ್ರತಿದಿನ ಬೇರೆಯಾಗಿ ಕೊಡಬೇಕು. ಹೊಸಬರು ಇದನ್ನು ಗಮನಿಸುವುದಿಲ್ಲ. ನೀವಿಬ್ಬರು, ಅಪ್ಪ, ಅಮ್ಮ ಸೇರಿ ನಾಲ್ವರು 8 ಡಾಲರಿನ ಪಾರ್ಕಿನಲ್ಲಿ ಎರಡು ರಾತ್ರಿ ಉಳಿದರೆ ಪ್ರವೇಶಕ್ಕೇ 64 ಡಾಲರ್ ಆಯಿತು. ವರ್ಷದ ಪಾಸ್ 70 ಡಾಲರ್. ಪಾಸ್ ಇದ್ದರೆ ನಿಮ್ಮ ಕಾರಿನಲ್ಲಿ ಬಂದವರೆಲ್ಲರ ಪ್ರವೇಶ ಅದರಲ್ಲೇ ಸೇರುತ್ತದೆ. ವರ್ಷದಲ್ಲಿ ಇಂಥ ಎರಡು ವಾರಾಂತ್ಯ ಕಳೆಯುವ ಮನಸ್ಸಿದ್ದರೆ ಪಾಸ್ ಮಾಡಿಸಿಕೊಳ್ಳಿ. ಹಿರಿಯ ನಾಗರಿಕರ ರಿಯಾಯಿತಿ ಟೆಕ್ಸಸ್ ನಿವಾಸಿಗಳಿಗೆ ಮಾತ್ರ. ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಅದು ಸಿಗುವುದಿಲ್ಲ.

ಕ್ಯಾಡೋ ಲೇಕ್: ಕಯಾಕ್‌ಗಾಗಿ ಹೋಗುವವರಿಗೆ

ಟೆಕ್ಸಸ್‌ನ ಪೂರ್ವದಂಚಿನಲ್ಲಿ, ಲೂಸಿಯಾನಾ ಗಡಿಗೆ ಅಂಟಿಕೊಂಡಿರುವ ಈ ಕೆರೆ ಡಾಲಸ್‌ನಿಂದ ಮೂರು ಗಂಟೆಯ ದಾರಿ. ಹ್ಯೂಸ್ಟನ್‌ನಿಂದ ನಾಲ್ಕು ಗಂಟೆಗೂ ಹೆಚ್ಚು. ಕಯಾಕ್‌ಗಾಗಿಯೇ ಹೋಗುವುದಾದರೆ ಈ ಪಟ್ಟಿಯಲ್ಲಿ ಇದಕ್ಕೆ ಸರಿಸಾಟಿಯಿಲ್ಲ. ನೀರಿನಿಂದಲೇ ಎದ್ದು ನಿಂತ ಬಾಲ್ಡ್ ಸೈಪ್ರೆಸ್ ಮರಗಳು, ಅವುಗಳ ಕೊಂಬೆಗಳಿಂದ ಜೋತುಬಿದ್ದ ಬೂದುಬಣ್ಣದ ಸ್ಪ್ಯಾನಿಷ್ ಮಾಸ್, ಇವುಗಳ ನಡುವೆ ನೀವು ಹುಟ್ಟು ಹಾಕುತ್ತ ಸಾಗುತ್ತೀರಿ. ಆ ಜೋತಾಡುವ ಗಿಡ ಪಾಚಿಯಲ್ಲ, ಬಂದಳಿಕೆಯೂ ಅಲ್ಲ, ಅನಾನಸ್ ಕುಟುಂಬಕ್ಕೆ ಸೇರಿದ ಸಸ್ಯ. ಸೈಪ್ರೆಸ್ ಮರವೂ ವಿಶಿಷ್ಟ: ಸೂಜಿ ಎಲೆಯ ಮರವಾದರೂ ಎಲೆ ಉದುರಿಸುತ್ತದೆ. ನವೆಂಬರ್‌ನಲ್ಲಿ ಇಡೀ ಕೆರೆ ತುಕ್ಕು ಕೆಂಪಿಗೆ ತಿರುಗುತ್ತದೆ. ಒಂದೇ ಸಲ ಹೋಗುವುದಾದರೆ ಆ ತಿಂಗಳಲ್ಲಿ ಹೋಗಿ.

ಮರಗಳ ನಡುವೆ ಕಾಲುವೆಗಳು ಕವಲೊಡೆಯುವುದರಿಂದ ದಿಕ್ಕು ತಪ್ಪುವುದು ಸುಲಭ. ಗುರುತು ಹಾಕಿದ ದೋಣಿಹಾದಿಗಳಿವೆ. ಹೊಸಬರು ಅವುಗಳನ್ನು ಬಿಟ್ಟು ಕದಲಬಾರದು. ಪಾರ್ಕಿನೊಳಗಿನ ಸಾ ಮಿಲ್ ಪಾಂಡ್ ಎಂಬ ಕೊಳದಲ್ಲಿ ಮಕ್ಕಳೊಂದಿಗೆ ಗಂಟೆ ಹೊತ್ತು ಕಳೆದು ಕೈ ಪಳಗಿಸಿಕೊಂಡು, ಆಮೇಲೆ ಬಿಗ್ ಸೈಪ್ರೆಸ್ ಬಾಯೂ ಎಂಬ ನಿಧಾನದ ಹೊಳೆಗೆ ಇಳಿಯುವುದು ಸರಿಯಾದ ಕ್ರಮ. ಅಲಿಗೇಟರ್ ಮೊಸಳೆಗಳಿವೆ. ಅವು ಸಾಮಾನ್ಯವಾಗಿ ಮನುಷ್ಯರಿಂದ ದೂರ ಸರಿಯುತ್ತವೆ, ಆದರೆ ಈ ನೀರಿನಲ್ಲಿ ಈಜುವ ಯೋಚನೆ ಬೇಡ. ಕಯಾಕ್ ಹತ್ತಲು ಹೆದರುವ ಹಿರಿಯರಿಗೆ ದಡದ ಅನ್‌ಸರ್ಟನ್ ಎಂಬ ಪುಟ್ಟ ಊರಿನಿಂದ ಮಾರ್ಗದರ್ಶಿಯೊಂದಿಗೆ ಹೋಗುವ ಮೋಟಾರು ದೋಣಿಗಳಿವೆ. ಅದೇ ಮರಗಳನ್ನು ಅವರು ಕುರ್ಚಿಯಲ್ಲಿ ಕೂತು ನೋಡಬಹುದು. ನನಗೆ ಈ ಪಾರ್ಕ್ ಇಷ್ಟವಾಗಲು ಇದು ದೊಡ್ಡ ಕಾರಣ: ಇಲ್ಲಿ ಯಾರೂ ದಡದಲ್ಲಿ ಉಳಿಯಬೇಕಾಗಿಲ್ಲ.

ಚರಿತ್ರೆಯೂ ಇಲ್ಲಿ ನೀರಿನದೇ. ಮೂಲನಿವಾಸಿಗಳಾದ ಕ್ಯಾಡೋ ಜನ ಈ ಸೀಮೆಯಲ್ಲಿ ನೂರಾರು ವರ್ಷ ಬೇಸಾಯ ಮಾಡಿಕೊಂಡು ನೆಲೆಸಿದ್ದರು. ಕೆರೆ ಭೂಕಂಪದಿಂದ ಹುಟ್ಟಿತು ಎಂಬ ಕಥೆ ಪ್ರಚಲಿತವಾಗಿದೆ. ಭೂವಿಜ್ಞಾನಿಗಳು ತೋರಿಸುವ ಕಾರಣ ಬೇರೆ. ರೆಡ್ ನದಿಯಲ್ಲಿ ಕೊಚ್ಚಿಬಂದ ಮರಗಳು ನೂರು ಮೈಲಿಗೂ ಉದ್ದಕ್ಕೆ ಒತ್ತರಿಸಿ ನಿಂತಿದ್ದವು. ಆ ಮರದ ಅಡ್ಡಗಟ್ಟಿನಿಂದ ನೀರು ಹಿಂದಕ್ಕೆ ಏರಿ ತಗ್ಗುಗಳಲ್ಲಿ ನಿಂತಿತು. ಹಾಗೆ ನಿಂತ ನೀರಿನ ಬಲದಿಂದಲೇ ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿದೋಣಿಗಳು ಒಳನಾಡಿನ ಜೆಫರ್ಸನ್ ಪಟ್ಟಣದವರೆಗೆ ಬಂದು ಹತ್ತಿ ತುಂಬಿಕೊಂಡು ಹೋಗುತ್ತಿದ್ದವು. 1873ರಲ್ಲಿ ಅಮೆರಿಕದ ಸೈನ್ಯದ ಎಂಜಿನಿಯರುಗಳು ಆ ಅಡ್ಡಗಟ್ಟನ್ನು ಸ್ಫೋಟಕ ಇಟ್ಟು ತೆರವು ಮಾಡಿದರು. ನೀರು ಇಳಿಯಿತು, ಬಂದರು ಬಡವಾಯಿತು. ಜೆಫರ್ಸನ್‌ನ ಹಳೆಯ ಇಟ್ಟಿಗೆ ಕಟ್ಟಡಗಳು ಇಂದಿಗೂ ಇವೆ. ಪಾರ್ಕಿನಿಂದ ಕಾರಿನಲ್ಲಿ ಅರ್ಧ ಗಂಟೆಯೊಳಗೆ ತಲುಪಬಹುದು. ಮಧ್ಯಾಹ್ನವೊಂದನ್ನು ಅದಕ್ಕೆಂದು ಎತ್ತಿಡಿ. ಪಾರ್ಕ್ ಪಕ್ಕದ ಕಾರ್ನಾಕ್ ಎಂಬ ಊರು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಪತ್ನಿ ಲೇಡಿ ಬರ್ಡ್ ಜಾನ್ಸನ್ ಹುಟ್ಟಿದ ಜಾಗ.

ಕೆರೆಗೆ ಈಗಿನ ಕಾಯಿಲೆ ಸಾಲ್ವೀನಿಯಾ ಎಂಬ ತೇಲುವ ಕಳೆ. ಕೇರಳದ ಹಿನ್ನೀರನ್ನು ಮುಚ್ಚಿಹಾಕಿದ ಅದೇ ಕಳೆ. 1980ರ ದಶಕದಲ್ಲಿ ಬೆಂಗಳೂರಿನ ಕೊಳವೊಂದರಲ್ಲಿ ಪುಟ್ಟ ಮೂತಿಹುಳುವೊಂದನ್ನು ಬಿಟ್ಟು ಭಾರತದ ವಿಜ್ಞಾನಿಗಳು ಈ ಕಳೆಯನ್ನು ಸೋಲಿಸಿದ್ದರು. ಕ್ಯಾಡೋದಲ್ಲೂ ಅದೇ ಹುಳುವನ್ನು ಸಾಕಿ ಬಿಡುತ್ತಿದ್ದಾರೆ. ಸ್ವಂತ ಕಯಾಕ್ ಒಯ್ಯುವವರು ನೀರಿನಿಂದ ಎತ್ತಿದ ಕೂಡಲೇ ಅದನ್ನು ತೊಳೆದು, ನೀರು ಬಸಿದು, ಒಣಗಿಸಬೇಕು. ಒಂದು ಎಳೆ ಅಂಟಿಕೊಂಡು ಬಂದರೂ ಇನ್ನೊಂದು ಕೆರೆ ಹಾಳಾಗುತ್ತದೆ, ಮತ್ತು ಅದನ್ನು ಸಾಗಿಸುವುದು ಕಾನೂನಿನ ಪ್ರಕಾರ ಅಪರಾಧ.

ಕ್ಯಾಡೋದಲ್ಲಿ ಬಿಟ್ಟುಕೊಡಬೇಕಾದದ್ದು ನಡಿಗೆ. ಕಾಲುದಾರಿಗಳು ನೆರಳಿನವು, ಆದರೆ ಗಿಡ್ಡ. ಬೆಟ್ಟ ಹತ್ತುವ ಆಸೆಯಿದ್ದವರಿಗೆ ಇಲ್ಲೇನೂ ಇಲ್ಲ. ಬೇಸಿಗೆಯಲ್ಲಿ ಸೆಕೆ ಮತ್ತು ಸೊಳ್ಳೆ ಎರಡೂ ಜೋರು. ಮಲಗಲು ಟೆಂಟ್ ಜಾಗದ ಜೊತೆಗೆ ಜಾಲರಿ ಕೊಠಡಿಗಳೂ 1930ರ ದಶಕದ ಕ್ಯಾಬಿನ್‌ಗಳೂ ಇವೆ. ಆ ಕ್ಯಾಬಿನ್‌ಗಳನ್ನು ಕಟ್ಟಿದವರ ವಿಷಯ ಪಾಲೋ ಡ್ಯೂರೊ ಬಂದಾಗ ಹೇಳುತ್ತೇನೆ.

ಇಂಕ್ಸ್ ಲೇಕ್: ಮೊದಲ ಸಲ ಹೊರಡುವವರಿಗೆ

ಇದುವರೆಗೆ ಒಮ್ಮೆಯೂ ಟೆಂಟ್ ಹಾಕದ ಮನೆಯವರು ನನ್ನನ್ನು ಕೇಳಿದರೆ ನಾನು ಹೇಳುವುದು ಇಂಕ್ಸ್ ಲೇಕ್. ಆಸ್ಟಿನ್‌ನಿಂದ ಒಂದೂವರೆ ಗಂಟೆಯೊಳಗಿನ ದಾರಿ. ಡಾಲಸ್, ಹ್ಯೂಸ್ಟನ್‌ಗಳಿಂದ ನಾಲ್ಕು ಗಂಟೆಯ ಆಸುಪಾಸು. ಟೆಕ್ಸಸ್‌ನ ಕೊಲರಾಡೋ ನದಿಗೆ 1930ರ ದಶಕದಲ್ಲಿ ಕಟ್ಟಿದ ಅಣೆಕಟ್ಟುಗಳ ಸಾಲಿನಲ್ಲಿ ಇದೂ ಒಂದು. ಇಂಕ್ಸ್ ಅಣೆಕಟ್ಟು ಮುಗಿದದ್ದು 1938ರಲ್ಲಿ. ಮೇಲಿನ ಬ್ಯೂಕ್ಯಾನನ್ ಜಲಾಶಯ ನೀರಿನ ಏರಿಳಿತವನ್ನೆಲ್ಲ ತಾನೇ ತಾಳಿಕೊಳ್ಳುವುದರಿಂದ ಇಂಕ್ಸ್ ಕೆರೆಯ ಮಟ್ಟ ಬರಗಾಲದಲ್ಲೂ ಹೆಚ್ಚು ಕುಸಿಯುವುದಿಲ್ಲ. ತಿಂಗಳುಗಳ ಮುಂಚೆ ಜಾಗ ಕಾದಿರಿಸುವವರಿಗೆ ಇದು ಸಣ್ಣ ಸಮಾಧಾನವಲ್ಲ. ಬೇಸಿಗೆಯಲ್ಲಿ ಬೇರೆ ಜಲಾಶಯಗಳ ದಡ ಕೆಸರಾದಾಗಲೂ ಇಲ್ಲಿ ನೀರಿರುತ್ತದೆ.

ಕಯಾಕ್ ಪಾರ್ಕಿನ ಅಂಗಡಿಯಲ್ಲೇ ಬಾಡಿಗೆಗೆ ಸಿಗುತ್ತದೆ. ನೀರು ಶಾಂತ. ಡೆವಿಲ್ಸ್ ವಾಟರ್‌ಹೋಲ್ ಎಂಬ ಕೊಲ್ಲಿಯತ್ತ ಹುಟ್ಟು ಹಾಕಿದರೆ ಎರಡೂ ಬದಿಯಲ್ಲಿ ನಸುಗೆಂಪು ನೈಸ್ ಶಿಲೆ, ಕೊನೆಯಲ್ಲಿ ತೊರೆ ಬಂಡೆಯ ಮೇಲಿಂದ ಇಳಿಯುವ ಜಾಗ. ಆ ಶಿಲೆಗೆ ನೂರು ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಈಜಬಹುದು, ದಡದಿಂದ ಮೀನು ಹಿಡಿಯಬಹುದು. ಸ್ಟೇಟ್ ಪಾರ್ಕಿನ ದಡದಿಂದ ಮೀನು ಹಿಡಿಯಲು ಟೆಕ್ಸಸ್‌ನಲ್ಲಿ ಪರವಾನಗಿ ಬೇಡ. ಕಾಲುದಾರಿಗಳು ಬಂಡೆಗಳ ನಡುವೆ ಏರಿಳಿಯುತ್ತವೆ, ತೀರಾ ಕಡಿದಲ್ಲ, ಆದರೆ ನೆರಳು ಕಡಿಮೆ. ನಡಿಗೆ ಬೆಳಿಗ್ಗೆ, ನೀರು ಮಧ್ಯಾಹ್ನ ಎಂದು ದಿನವನ್ನು ಭಾಗ ಮಾಡಿಕೊಳ್ಳಿ. ಏಪ್ರಿಲ್ ಸುಮಾರಿಗೆ ಈ ಸೀಮೆಯ ರಸ್ತೆಬದಿಯೆಲ್ಲ ಬ್ಲೂಬಾನೆಟ್ ಹೂವಿನಿಂದ ನೀಲಿಯಾಗಿರುತ್ತದೆ.

ಚರಿತ್ರೆಯ ಮಟ್ಟಿಗೆ ಪಾರ್ಕ್ ಬಡವೇ. ಆ ಕೊರತೆಯನ್ನು ಪಕ್ಕದ ಲಾಂಗ್‌ಹಾರ್ನ್ ಕ್ಯಾವರ್ನ್ ಸ್ಟೇಟ್ ಪಾರ್ಕಿನ ಸುಣ್ಣಕಲ್ಲಿನ ಗವಿ ತುಂಬುತ್ತದೆ. ಇನ್ನೊಂದು ಕೊರತೆ ಜನಪ್ರಿಯತೆಯದು. ಬೇಸಿಗೆಯ ವಾರಾಂತ್ಯದಲ್ಲಿ ನಿಶ್ಶಬ್ದ ಬಯಸಿ ಇಲ್ಲಿಗೆ ಬರಬೇಡಿ.

ಎನ್‌ಚಾಂಟೆಡ್ ರಾಕ್: ಬಂಡೆ ಮತ್ತು ನಕ್ಷತ್ರ

ಫ್ರೆಡರಿಕ್ಸ್‌ಬರ್ಗ್ ಪಟ್ಟಣದಿಂದ ಉತ್ತರಕ್ಕೆ 18 ಮೈಲಿ, ಆಸ್ಟಿನ್‌ನಿಂದ ಎರಡು ಗಂಟೆ. ಸುತ್ತಲ ನೆಲದಿಂದ 425 ಅಡಿ ಎದ್ದು ನಿಂತ ನಸುಗೆಂಪು ಗ್ರಾನೈಟ್ ಗುಮ್ಮಟ. ಸಾವನದುರ್ಗ, ರಾಮನಗರದ ಬಂಡೆಗಳನ್ನು ಏರಿ ಬೆಳೆದವರಿಗೆ ಈ ಏರು ಹೊಸದೆನಿಸುವುದಿಲ್ಲ. ಸಾವನದುರ್ಗಕ್ಕಿಂತ ಇದು ಎಷ್ಟೋ ಸುಲಭ. ವಯಸ್ಸಿನಲ್ಲೂ ನಮ್ಮದೇ ಹಿರಿದು: ಇದು ಸುಮಾರು ನೂರು ಕೋಟಿ ವರ್ಷದ ಶಿಲೆ, ರಾಮನಗರದ್ದು ಇನ್ನೂರೈವತ್ತು ಕೋಟಿ. ಆದರೂ ನೆತ್ತಿಯ ಮೇಲೆ ನಿಂತಾಗ ಇದರ ಸೊಗಸು ಬೇರೆ. ಬಂಡೆಯ ತಗ್ಗುಗಳಲ್ಲಿ ಮಳೆನೀರು ನಿಂತಾಗ ಅದರಲ್ಲಿ ಪುಟ್ಟ ಸಿಗಡಿಗಳು ಹುಟ್ಟುತ್ತವೆ. ಅವುಗಳ ಮೊಟ್ಟೆಗಳು ಒಣಬಂಡೆಯ ಮೇಲೆ ಮುಂದಿನ ಮಳೆಗಾಗಿ ಕಾದಿರುತ್ತವೆ. ಆ ತಗ್ಗುಗಳಲ್ಲಿ ಕಾಲಿಡದಂತೆ ಮಕ್ಕಳಿಗೆ ಮೊದಲೇ ಹೇಳಿ.

ನೆತ್ತಿಗೆ ಏರುವ ದಾರಿ ಒಂದು ಮೈಲಿಗೂ ಕಡಿಮೆ. ಬುಡ ಸುತ್ತುವ ದಾರಿ ನಾಲ್ಕೂವರೆ ಮೈಲಿಯ ಆಸುಪಾಸು. ಕಯಾಕಿಂಗ್ ಇಲ್ಲ. ಮಲಗುವ ಜಾಗದ ವಿಷಯದಲ್ಲಿ ಎಚ್ಚರ ಬೇಕು. ಇಲ್ಲಿ ಕ್ಯಾಬಿನ್ ಇಲ್ಲ, ಒಳಗೇ ಮಲಗುವ ಆರ್‌ವಿ ವಾಹನಗಳಿಗೂ ಜಾಗವಿಲ್ಲ. ಟೆಂಟ್, ನೀರು, ಒಲೆ ಎಲ್ಲವನ್ನೂ ಕಾರು ನಿಲ್ಲಿಸಿದಲ್ಲಿಂದ ಹೊತ್ತುಕೊಂಡೇ ಹೋಗಬೇಕು. ಹಿರಿಯರೊಂದಿಗೆ ರಾತ್ರಿ ಉಳಿಯಲು ಇದು ತಕ್ಕ ಜಾಗವಲ್ಲ ಎಂದು ಖಚಿತವಾಗಿ ಹೇಳುತ್ತೇನೆ. ಹಗಲಿಗೆ ಬಂದು ಹೋಗುವುದು ಚೆನ್ನ. ಆದರೆ ಯುವಕರು, ಹೈಸ್ಕೂಲು ಮಕ್ಕಳಿರುವ ಮನೆಯವರು ಒಂದು ರಾತ್ರಿಯಾದರೂ ಉಳಿಯಲೇಬೇಕು, ಏಕೆಂದರೆ ಇಲ್ಲಿನ ಆಕಾಶ ಕತ್ತಲೆಯ ಆಕಾಶವೆಂದು ಅಂತಾರಾಷ್ಟ್ರೀಯ ಮನ್ನಣೆ ಪಡೆದದ್ದು. ನಗರದಲ್ಲಿ ಬೆಳೆದ ಮಗು ಆಕಾಶಗಂಗೆಯನ್ನು ಬರಿಗಣ್ಣಿನಿಂದ ನೋಡುವುದು ಸಣ್ಣ ಸಂಗತಿಯಲ್ಲ. ನೆತ್ತಿಯ ದಾರಿಯನ್ನು ಸೂರ್ಯಾಸ್ತದ ಅರ್ಧ ಗಂಟೆಯ ನಂತರ ಮುಚ್ಚುತ್ತಾರೆ, ಹಾಗಾಗಿ ನಕ್ಷತ್ರಗಳನ್ನು ಕೆಳಗಿನಿಂದಲೇ ನೋಡಬೇಕು.

ಮೂಲನಿವಾಸಿಗಳಾದ ಟೊಂಕಾವಾ, ಅಪಾಚೆ, ಕಮಾಂಚೆ ಜನರಿಗೆ ಈ ಬಂಡೆ ಪವಿತ್ರವಾಗಿತ್ತು. ರಾತ್ರಿ ಅದರಿಂದ ಕೇಳಿಬರುವ ಸದ್ದುಗಳ ಸುತ್ತ ಕಥೆಗಳಿವೆ. ಹಗಲು ಕಾದ ಬಂಡೆ ರಾತ್ರಿ ತಣಿದು ಕುಗ್ಗುವಾಗ ಆ ಸದ್ದು ಬರುತ್ತದೆ ಎಂದು ಭೂವಿಜ್ಞಾನ ಹೇಳುತ್ತದೆ. ಕಟ್ಟಡ, ಕೋಟೆ ನೋಡಬೇಕೆನ್ನುವವರಿಗೆ ಪಾರ್ಕಿನಲ್ಲಿ ಏನೂ ಸಿಗದು. ವಾರಾಂತ್ಯದಲ್ಲಿ ಜಾಗ ತುಂಬಿದೊಡನೆ ಗೇಟು ಮುಚ್ಚುವುದು ಇಲ್ಲಿ ಮಾಮೂಲು. ಕಾದಿರಿಸದೆ ಹೊರಡಬೇಡಿ.

ಪಾಲೋ ಡ್ಯೂರೊ: ದೂರಕ್ಕೆ ತಕ್ಕ ಕಣಿವೆ

ಡಾಲಸ್‌ನಿಂದ ಆರು ಗಂಟೆ, ಹ್ಯೂಸ್ಟನ್‌ನಿಂದ ಇಡೀ ದಿನದ ಪ್ರಯಾಣ. ಅಮರಿಲ್ಲೊ ಕಡೆಯ ಚಪ್ಪಟೆ ಬಯಲಿನಲ್ಲಿ ಕಾರು ಸಾಗುತ್ತಿರುವಾಗ ನೆಲ ಒಮ್ಮೆಲೇ ಬಾಯಿ ತೆರೆಯುತ್ತದೆ. 120 ಮೈಲಿ ಉದ್ದ, ಸುಮಾರು 800 ಅಡಿ ಆಳದ ಕೆಂಪು ಕಣಿವೆ. ಅಮೆರಿಕದ ಕಣಿವೆಗಳಲ್ಲಿ ಗಾತ್ರದಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಬಿಟ್ಟರೆ ಇದೇ ಎಂದು ಟೆಕ್ಸಸ್‌ನವರು ಹೆಮ್ಮೆಪಡುತ್ತಾರೆ. ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ ಹತ್ತಿರದ ಕ್ಯಾನ್ಯನ್ ಪಟ್ಟಣದಲ್ಲಿ ಪಾಠ ಹೇಳುತ್ತಿದ್ದಾಗ ಈ ಕಣಿವೆಯನ್ನು ಬಣ್ಣಗಳಲ್ಲಿ ಹಿಡಿದಿದ್ದರು.

ಇದು ಮೂರು ದಿನದ ರಜೆಗೆ ಮಾತ್ರ. ಎರಡೇ ದಿನಕ್ಕೆ ಹೋಗಿಬರುವುದು ಸ್ಟೀರಿಂಗ್ ಹಿಡಿದವರಿಗೆ ಶಿಕ್ಷೆ. ಕಯಾಕಿಂಗ್ ಇಲ್ಲ. ನಡಿಗೆಗೆ ಮಾತ್ರ ಈ ಐದರಲ್ಲಿ ಮೊದಲ ಸ್ಥಾನ. ಲೈಟ್‌ಹೌಸ್ ಎಂಬ ಕಲ್ಲಿನ ಗೋಪುರದವರೆಗೆ ಹೋಗಿ ಬರಲು ಆರು ಮೈಲಿಯ ಆಸುಪಾಸು. ಕೊನೆಯ ಕಡಿದಾದ ಏರನ್ನು ಬಿಟ್ಟರೆ ದಾರಿ ಸಮತಟ್ಟು. ಸಮತಟ್ಟೆಂದು ಮೋಸ ಹೋಗಬಾರದು, ನೆರಳೆಂಬುದೇ ಇಲ್ಲ. ಕಣಿವೆಯ ತಳ ಮೇಲಿನ ಬಯಲಿಗಿಂತ ಹೆಚ್ಚು ಕಾಯುತ್ತದೆ, ಬೇಸಿಗೆಯಲ್ಲಿ ಬಿಸಿಲಿಗೆ ಕುಸಿದವರನ್ನು ಹೊತ್ತು ತರುವುದು ಇಲ್ಲಿನ ಸಿಬ್ಬಂದಿಗೆ ಹೊಸದಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಹೊರಡಿ, ತಲೆಗೆ ನಾಲ್ಕು ಲೀಟರ್ ನೀರು ಒಯ್ಯಿರಿ, ಅರ್ಧ ನೀರು ಮುಗಿದಲ್ಲಿ ಹಿಂದಿರುಗಿ. ನಡೆಯಲಾಗದವರಿಗೆ ಕಣಿವೆಯ ಅಂಚಿನಿಂದ ತಳದವರೆಗೆ ಕಾರಿನ ರಸ್ತೆಯಿದೆ. ಅಪ್ಪ ಅಮ್ಮ ಕಾರಿನಿಂದಿಳಿದು ಹತ್ತು ಹೆಜ್ಜೆ ನಡೆದರೂ ಕಣಿವೆ ಪೂರ್ತಿ ಕಾಣುತ್ತದೆ.

ಕಣಿವೆಯ ಅಂಚಿನ ಕಲ್ಲಿನ ಕ್ಯಾಬಿನ್‌ಗಳು ಸಿಕ್ಕರೆ ಬಿಡಬೇಡಿ. ಅವುಗಳನ್ನು ಕಟ್ಟಿದವರು ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನ ಯುವಕರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಹುಡುಗರಿಗೆ ಅಧ್ಯಕ್ಷ ರೂಸ್‌ವೆಲ್ಟ್ 1933ರಲ್ಲಿ ತೆರೆದ ಯೋಜನೆ ಅದು. ತಿಂಗಳಿಗೆ 30 ಡಾಲರ್ ಕೂಲಿ, ಅದರಲ್ಲಿ ಸುಮಾರು 25 ನೇರವಾಗಿ ಮನೆಗೆ. ಕ್ಯಾಡೋದ ಕ್ಯಾಬಿನ್, ಲಾಂಗ್‌ಹಾರ್ನ್ ಗವಿಯ ದಾರಿ, ಗೋಲಿಯಾಡ್‌ನ ಮಿಷನ್ (ಕ್ರೈಸ್ತ ಧರ್ಮಪ್ರಚಾರ ಕೇಂದ್ರ) ಕಟ್ಟಡ ಎಲ್ಲವೂ ಆ ಹುಡುಗರ ಕೈಕೆಲಸ. ಈ ಪಾರ್ಕ್‌ಗಳಲ್ಲಿ ಎಲ್ಲೇ ಹಳೆಯ ಕಲ್ಲಿನ ಗೋಡೆ ಕಂಡರೂ ಒಮ್ಮೆ ನಿಂತು ನೋಡಿ.

ಕಣಿವೆಯ ಚರಿತ್ರೆ ಮಾತ್ರ ಭಾರವಾದದ್ದು. 1874ರ ಸೆಪ್ಟೆಂಬರ್ 28ರಂದು ಕರ್ನಲ್ ರಾನಲ್ಡ್ ಮೆಕೆಂಝಿಯ ಸೈನ್ಯ ಇಲ್ಲಿ ಬೀಡುಬಿಟ್ಟಿದ್ದ ಕಮಾಂಚೆ, ಕಯೋವಾ, ಷಾಯೆನ್ ಜನರ ಮೇಲೆ ಬಿತ್ತು. ಸತ್ತವರು ಕೆಲವೇ ಮಂದಿ. ಆದರೆ ಸೈನ್ಯ ಅವರ ಡೇರೆಗಳನ್ನೂ ಚಳಿಗಾಲದ ದಾಸ್ತಾನನ್ನೂ ಸುಟ್ಟಿತು, ಹಿಡಿದ ಕುದುರೆಗಳಲ್ಲಿ ಸಾವಿರಕ್ಕೂ ಹೆಚ್ಚನ್ನು ಗುಂಡಿಟ್ಟು ಕೊಂದಿತು. ಕುದುರೆ ಮತ್ತು ಕೂಳು ಇಲ್ಲದೆ ಬಯಲಿನಲ್ಲಿ ಬದುಕುವುದು ಸಾಧ್ಯವಿರಲಿಲ್ಲ. ಆ ಚಳಿಗಾಲದಲ್ಲಿ ಅವರಲ್ಲಿ ಹೆಚ್ಚಿನವರು ಸರ್ಕಾರ ಗುರುತಿಸಿದ ಮೀಸಲು ನೆಲಕ್ಕೆ ನಡೆದರು. ಎರಡೇ ವರ್ಷದಲ್ಲಿ ಚಾರ್ಲ್ಸ್ ಗುಡ್‌ನೈಟ್ ಇದೇ ಕಣಿವೆಗೆ ದನಗಳನ್ನು ಹೊಡೆದುಕೊಂಡು ಬಂದು ರಾಂಚ್ ಕಟ್ಟಿದರು. ಆಗ ಕಾಡುಕೋಣದ ಜಾತಿಯ ಬೈಸನ್‌ಗಳು ಬೇಟೆಗೆ ಸಿಕ್ಕಿ ನಾಶವಾಗುತ್ತಿದ್ದವು. ಅವರ ಪತ್ನಿ ಮೇರಿ ಆನ್ ಉಳಿದ ಕೆಲವು ಕರುಗಳನ್ನು ಸಾಕುವಂತೆ ಮಾಡಿದರು. ಆ ಹಿಂಡಿನ ಸಂತತಿ ಇಂದು ಕ್ಯಾಪ್‌ರಾಕ್ ಕ್ಯಾನ್ಯನ್ಸ್ ಸ್ಟೇಟ್ ಪಾರ್ಕಿನಲ್ಲಿ ಮೇಯುತ್ತಿದೆ. ಇಷ್ಟನ್ನು ಮಕ್ಕಳಿಗೆ ಕಾರಿನಲ್ಲೇ ಹೇಳಿ ಕರೆತನ್ನಿ. ಹೇಳದಿದ್ದರೆ ಕಣಿವೆ ಅವರಿಗೆ ಬರಿಯ ಕೆಂಪು ಮಣ್ಣಾಗಿ ಕಾಣುತ್ತದೆ.

ಗೋಲಿಯಾಡ್: ಅಪ್ಪನಿಗೆ ಇಷ್ಟವಾಗುವ ಪಾರ್ಕ್

ಹ್ಯೂಸ್ಟನ್‌ನವರಿಗೂ ಆಸ್ಟಿನ್‌ನವರಿಗೂ ಎರಡೂವರೆ ಗಂಟೆಯ ದಾರಿ, ಸ್ಯಾನ್ ಆಂಟೋನಿಯೊದಿಂದ ಇನ್ನೂ ಹತ್ತಿರ. ಹೆಸರು ಕೇಳಿದವರು ಕಡಿಮೆ, ಅದೇ ಇದರ ಭಾಗ್ಯ. ಬೇರೆ ಕಡೆ ಜಾಗ ಸಿಗದ ವಾರಾಂತ್ಯದಲ್ಲೂ ಇಲ್ಲಿ ಸಿಗುವ ಸಂಭವ ಹೆಚ್ಚು. ಊರಿನಲ್ಲಿ ದೇವಸ್ಥಾನ, ಕೋಟೆ, ಶಾಸನ ಎಂದು ನಿಂತು ಓದುವ ಅಪ್ಪನಿಗೆ ಕ್ಯಾಡೋಗಿಂತ ಇದು ಹಿಡಿಸುತ್ತದೆ.

1722ರಲ್ಲಿ ಮೆಕ್ಸಿಕೋ ಕೊಲ್ಲಿಯ ತೀರದ ಬಳಿ ಸ್ಥಾಪನೆಯಾದ ಎಸ್ಪಿರಿತು ಸಾಂತೊ ಮಿಷನ್ 1749ರಲ್ಲಿ ಇಲ್ಲಿಗೆ ಬಂದಿತು. ಸ್ಪ್ಯಾನಿಷ್ ಪಾದ್ರಿಗಳು ಅರಾನಾಮಾ ಮುಂತಾದ ಸ್ಥಳೀಯ ಜನರನ್ನು ಸೇರಿಸಿಕೊಂಡು ನಡೆಸಿದ ಈ ಮಿಷನ್ ಸಾವಿರಾರು ದನಗಳ ಒಡೆತನ ಹೊಂದಿತ್ತು. ಟೆಕ್ಸಸ್‌ನ ದನಗಾಹಿ ಸಂಸ್ಕೃತಿಯ ಬೇರುಗಳಲ್ಲಿ ಇದೂ ಒಂದು. ಈಗ ಕಾಣುವ ಸುಣ್ಣ ಬಳಿದ ಕಟ್ಟಡ 1930ರ ದಶಕದ ಪುನರ್ನಿರ್ಮಾಣ. ನದಿಯಾಚೆ ಲಾ ಬಹಿಯಾ ಕೋಟೆಯಿದೆ, ಅದಕ್ಕೆ ಬೇರೆ ಟಿಕೆಟ್. 1836ರ ಮಾರ್ಚ್ 27ರಂದು, ಶರಣಾಗಿ ಬಂದಿಗಳಾಗಿದ್ದ ಮೆಕ್ಸಿಕೋದಿಂದ ಬೇರೆಯಾಗಲು ಹೋರಾಡುತ್ತಿದ್ದ ಮುನ್ನೂರಕ್ಕೂ ಹೆಚ್ಚು ಟೆಕ್ಸಸ್ ಬಂಡುಕೋರರನ್ನು ಮೆಕ್ಸಿಕೋದ ಜನರಲ್ ಸಾಂತಾ ಆನಾನ ಆಜ್ಞೆಯಂತೆ ಇಲ್ಲಿ ಕೊಲ್ಲಲಾಯಿತು. ಅವರ ಸಾಮೂಹಿಕ ಸಮಾಧಿ ಕೋಟೆಯ ಹತ್ತಿರವೇ ಇದೆ. 1862ರ ಮೇ 5ರಂದು ಪ್ಯೂಬ್ಲಾದಲ್ಲಿ ಫ್ರೆಂಚರನ್ನು ಸೋಲಿಸಿದ ಮೆಕ್ಸಿಕೋದ ಜನರಲ್ ಇಗ್ನಾಸಿಯೊ ಸಾರಾಗೋಸಾ ಹುಟ್ಟಿದ್ದೂ ಇದೇ ಊರಿನಲ್ಲಿ. ಎರಡು ದೇಶಗಳ ನೆನಪು ಒಂದು ಕಿರಿದಾದ ಜಾಗದಲ್ಲಿ ಅಕ್ಕಪಕ್ಕ ಇರುವುದು ಗೋಲಿಯಾಡ್‌ನ ಗುಣ.

ಸ್ಯಾನ್ ಆಂಟೋನಿಯೊ ನದಿಯಲ್ಲಿ 6.6 ಮೈಲಿಯ ದೋಣಿಹಾದಿ ಪಾರ್ಕಿನಲ್ಲಿ ಕೊನೆಗೊಳ್ಳುತ್ತದೆ. ಹರಿಯುವ ನೀರು, ಅಲ್ಲಲ್ಲಿ ಬಿದ್ದ ಮರಗಳು. ಆರಂಭದ ಜಾಗಕ್ಕೂ ಮುಗಿಯುವ ಜಾಗಕ್ಕೂ ಒಂದೊಂದು ಕಾರು ಬೇಕು, ಕಯಾಕ್ ನಿಮ್ಮದೇ ಇದ್ದರೆ ಒಳ್ಳೆಯದು. ಮೊದಲ ಸಲ ಹುಟ್ಟು ಹಿಡಿಯುವವರಿಗೆ ಇದನ್ನು ಹೇಳಲಾರೆ. ಕಾಲುದಾರಿಗಳು ಗಿಡ್ಡ, ನೆಲ ಸಮ, ನದಿಯಂಚಿನಲ್ಲಿ ನೆರಳು.

ಹಾಗಾದರೆ ಯಾವುದು?

ಊರಿನಿಂದ ಬಂದ ಹಿರಿಯರು ಜೊತೆಗಿದ್ದು ನೀವು ಡಾಲಸ್‌ನವರಾದರೆ ನವೆಂಬರ್‌ನ ಕ್ಯಾಡೋ, ಕ್ಯಾಬಿನ್ ಅಥವಾ ಜಾಲರಿ ಕೊಠಡಿಯಲ್ಲಿ. ಹ್ಯೂಸ್ಟನ್‌ನವರಾದರೆ ಗೋಲಿಯಾಡ್. ಹತ್ತು ವರ್ಷದೊಳಗಿನ ಮಕ್ಕಳು, ಮೊದಲ ಕ್ಯಾಂಪಿಂಗ್, ಕೈಯಲ್ಲಿ ಸಾಮಾನು ಕಡಿಮೆ ಎಂದಾದರೆ ಇಂಕ್ಸ್ ಲೇಕ್. ಟೆಂಟ್ ಕೊಳ್ಳುವ ಮೊದಲು ಟೆಕ್ಸಸ್ ಔಟ್‌ಡೋರ್ ಫ್ಯಾಮಿಲಿ ಎಂಬ ಸರ್ಕಾರಿ ಶಿಬಿರವನ್ನು ವಿಚಾರಿಸಿ. ಟೆಂಟ್, ಒಲೆ ಅವರೇ ಕೊಟ್ಟು, ಹಾಕುವುದನ್ನೂ ಅಡುಗೆ ಮಾಡುವುದನ್ನೂ ಕಲಿಸುತ್ತಾರೆ. ಗೆಳೆಯರ ಗುಂಪಾದರೆ ಇಂಕ್ಸ್ ಮತ್ತು ಎನ್‌ಚಾಂಟೆಡ್ ರಾಕ್ ಎರಡನ್ನೂ ಒಂದೇ ಪ್ರವಾಸದಲ್ಲಿ ಸೇರಿಸಿ. ನಡುವೆ ಕಾರಿನಲ್ಲಿ ಗಂಟೆಯ ದಾರಿಯಷ್ಟೇ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಥ್ಯಾಂಕ್ಸ್‌ಗಿವಿಂಗ್‌ನ ಉದ್ದ ರಜೆಗೆ ಪಾಲೋ ಡ್ಯೂರೊ, ಚಳಿಗೆ ಬೆಚ್ಚನೆಯ ಹೊದಿಕೆಯೊಂದಿಗೆ. ಜುಲೈಯಲ್ಲೇ ಹೋಗಬೇಕೆಂದಾದರೆ ಇಂಕ್ಸ್ ಒಂದೇ, ಉಳಿದ ನಾಲ್ಕನ್ನು ಮರೆತುಬಿಡಿ.

ಕ್ಯಾಂಪ್ ಜಾಗವನ್ನು ಐದು ತಿಂಗಳು ಮುಂಚೆಯೇ ಕಾದಿರಿಸಬಹುದು, ಹಗಲಿನ ಪ್ರವೇಶವನ್ನು ಮೂವತ್ತು ದಿನ ಮುಂಚೆ. ನವೆಂಬರ್‌ನ ಕ್ಯಾಡೋ ಬೇಕಿದ್ದರೆ ಜೂನ್‌ನಲ್ಲೇ ಕುಳಿತುಕೊಳ್ಳಬೇಕು. ತಪ್ಪಿದರೆ ಹೊರಡುವ ವಾರದಲ್ಲಿ ರದ್ದಾದ ಜಾಗಗಳನ್ನು ದಿನಾ ನೋಡುತ್ತಿರಿ, ಅಥವಾ ಭಾನುವಾರದಿಂದ ಗುರುವಾರದ ನಡುವೆ ರಜೆ ಹಾಕಿ. ಒಂದು ಜಾಗಕ್ಕೆ ಎಂಟು ಜನರ ಮಿತಿ. ಎರಡು ಮನೆಯವರು ಒಟ್ಟಿಗೆ ಹೋಗುವುದಾದರೆ ಪಕ್ಕಪಕ್ಕದ ಎರಡು ಜಾಗ ಹಿಡಿಯಿರಿ.

ಅಡುಗೆಗೆ ಸೌದೆಯನ್ನೇ ನಂಬಬೇಡಿ. ಒಣ ತಿಂಗಳುಗಳಲ್ಲಿ ಬೆಂಕಿ ಹಚ್ಚುವುದನ್ನು ನಿಷೇಧಿಸುತ್ತಾರೆ, ಆಗ ಸಾಮಾನ್ಯವಾಗಿ ಗ್ಯಾಸ್ ಒಲೆಗೆ ಮಾತ್ರ ಅನುಮತಿ. ಪಾರ್ಕಿನಲ್ಲಿ ಬಿದ್ದ ಕಟ್ಟಿಗೆ ಆರಿಸುವಂತೆಯೂ ಇಲ್ಲ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮನೆಯಲ್ಲೇ ಹುರಿದು ತಂದ ಉಪ್ಪಿಟ್ಟಿನ ರವೆ ಇದ್ದರೆ ಒಂದೇ ಒಲೆಯಲ್ಲಿ ಎರಡು ದಿನ ಸಾಗುತ್ತದೆ. ಉಳಿದ ಊಟವನ್ನು ರಾತ್ರಿ ಟೆಂಟಿನೊಳಗೆ ಇಡದೆ ಕಾರಿನಲ್ಲಿಟ್ಟು ಬಾಗಿಲು ಹಾಕಿ, ಏಕೆಂದರೆ ರಕೂನ್‌ಗಳು ಡಬ್ಬಿಯ ಮುಚ್ಚಳ ತೆಗೆಯಬಲ್ಲವು. ಕಯಾಕ್‌ನಲ್ಲಿ ಹದಿಮೂರು ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟಿರಲೇಬೇಕೆಂಬುದು ಟೆಕ್ಸಸ್‌ನ ಕಾನೂನು. ಈಜು ಬಾರದ ದೊಡ್ಡವರಿಗೂ ಅದನ್ನು ತೊಡಿಸಿ, ದಡ ಬಿಡುವ ಮೊದಲೇ ಪಟ್ಟಿಗಳನ್ನು ನೀವೇ ಎಳೆದು ನೋಡಿ.